ಪರಗಂಡಸರ ಕೈ ಸೋಕದ ಗಾಲಿ

ಇಂಡಿ ಊರಿನ ಕಡೆ ಲಿಂಬೆ ತೋಟದ ಮನೆಯೊಂದಕ್ಕೆ ಹೊಸ ಟ್ರ್ಯಾಕ್ಟರ್ ಬಂದ ದಿನ, ಅದನ್ನು ಮೊದಲು ಯಾರು ಹೊಡೆಯಬೇಕೆಂದು ಆ ಮನೆಯ ಅಣ್ಣತಮ್ಮಂದಿರು ಅಂಗಳದಲ್ಲಿ ಜಗಳಕ್ಕೆ ನಿಂತರು. ಅಂಗಿ ಹರಿಯುವವರೆಗೆ ಜಗಳಾಡಿ ತಿರುಗಿ ನೋಡಿದರೆ ಟ್ರ್ಯಾಕ್ಟರೇ ಇಲ್ಲ. ಅವರ ತಂಗಿ ಇಂದುಬಾಯಿ ಅದನ್ನು ಬಾವಿಯವರೆಗೆ ಒಯ್ದು, ಹಿಂದಕ್ಕೆ ತಿರುಗಿಸಲು ಬಾರದೆ, ಅದರ ಮೇಲೆಯೇ ಕೂತು ಶೇಂಗಾ ತಿನ್ನುತ್ತಿದ್ದಳು. ಇಂದುಬಾಯಿಯ ಸಾರಥ್ಯಪರ್ವ ಶುರುವಾದದ್ದು ಹೀಗೆ.

ಆಮೇಲೆ ಮದುವೆಯಾಯಿತು. ಮುದ್ದೇಬಿಹಾಳದ ಅಡತಿ ವ್ಯಾಪಾರಿ ಬಸಂತರಾಯನ ಮನೆಯಲ್ಲಿ ರೊಟ್ಟಿ ಬಡಿಯುತ್ತ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡುತ್ತ ಆ ವಿದ್ಯೆ ಬಹಳ ವರ್ಷ ಕೈಯೊಳಗೇ ನಿದ್ದೆ ಮಾಡಿತು. ಅದನ್ನು ಎಬ್ಬಿಸಿದ್ದು ಬಸವನ ಬಾಗೇವಾಡಿಯ ಬೀಗರಿಂದ ಬಸಂತರಾಯ ಕೊಂಡು ತಂದ ಹಳೆಯ ಬಿಳಿ ಅಂಬಾಸಿಡರ್ ಕಾರು. ಬಸಂತರಾಯ ಅದನ್ನು ಮಾರುಕಟ್ಟೆಯ ಗೇಟಿಗೆ ಒಮ್ಮೆ, ನೀರಿನ ಟಾಕಿಗೆ ಒಮ್ಮೆ, ತನ್ನದೇ ಅಂಗಡಿಯ ಕಟ್ಟೆಗೆ ಒಮ್ಮೆ ಗುದ್ದಿ, "ಈ ಗಾಡಿಗೆ ಕಣ್ಣs ಇಲ್ಲ" ಎಂದು ತೀರ್ಪು ಕೊಟ್ಟು ಇಳಿದುಬಿಟ್ಟ. ಇಂದುಬಾಯಿ ರವಿವಾರದ ಖಾಲಿ ಮಾರುಕಟ್ಟೆಯಲ್ಲಿ, ಒಂದರ ಮೇಲೊಂದು ಪೇರಿಸಿದ ತೊಗರಿ ಚೀಲದ ಥಪ್ಪಿಗಳ ನಡುವೆ, ಒಂದು ಚೀಲಕ್ಕೂ ಸೋಕದ ಹಾಗೆ ತಿರುಗಿಸಿ ತಿರುಗಿಸಿ ಆ ಗಾಡಿಗೆ ಕಣ್ಣು ಬರಿಸಿದಳು.

ಲೈಸೆನ್ಸೂ ಬಂತು. ಹೆಂಡತಿಯನ್ನು ಗಾಡಿಯಿಂದ ಇಳಿಸಲು ಬಸಂತರಾಯನ ಕೈಯಲ್ಲಿ ಉಳಿದದ್ದು ಒಂದೇ ಅಸ್ತ್ರ.

"ಗಾಲಿ ಪಂಚರ್ ಆದ್ರ ಏನ್ ಮಾಡ್ತಿ? ಹೋಗೂ ಬರೂ ಗಂಡಸರಿಗೆ ಕೈ ಮುಗೀತಿ ಏನು?"

"ನಾನs ಬದಲಿ ಮಾಡ್ತೇನಿ."

"ಮಾಡಿದಿ, ಹಿಡಿ. ಬ್ಯಾರೆ ಗಂಡಸಿನ ಕೈ ಆ ಗಾಲಿಗೆ ಹತ್ತಿದ ದಿನ ಕೀಲಿ ನನ್ನ ಕೈಯಾಗ ಕೊಡಬೇಕು. ಡ್ರೈವರನ್ನ ಇಡ್ತೇನಿ. ಒಬ್ಬಾತನ್ನ ನೋಡೂ ಇಟ್ಟೇನಿ."

"ಆತ್ರಿ," ಎಂದಳು ಇಂದುಬಾಯಿ. ಮರುದಿನದಿಂದ ಹಿತ್ತಲಲ್ಲಿ ಜಾಕು ಹಚ್ಚುವ ತಾಲೀಮು ನಡೆಯಿತು. ಕಾರು ಹಗಲೆಲ್ಲ ಒಂದು ಕಾಲು ಎತ್ತಿ ನಿಂತಿರುವುದನ್ನು ಕಂಡು ಓಣಿಯವರು ಅದಕ್ಕೂ ಸಂಧಿವಾತ ಅಂದುಕೊಂಡರು.

ತೊಂಬತ್ತೇಳರ ಚಳಿಗಾಲದಲ್ಲಿ ಸಿಂದಗಿಯ ನಾದಿನಿಯ ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲ ಕಾರ್ಯ ಬಂತು. ಬಸಂತರಾಯ ಅಂಗಡಿ ಕೆಲಸ ಮುಗಿಸಿ ಹಿಂದಿನಿಂದ ಬಸ್ಸಿಗೆ ಬರುವುದೆಂದಾಯಿತು. ಕಾರಿನ ಹಿಂದಿನ ಸೀಟಿನಲ್ಲಿ ಪಂದ್ಯ ನೋಡಿಕೊಳ್ಳುವ ಪಂಚಳನ್ನಾಗಿ ತನ್ನ ತಾಯಿ ಗುಂಡವ್ವನನ್ನು ಕೂಡಿಸಿದ. ಗುಂಡವ್ವ ಜೀವಮಾನದಲ್ಲಿ ಸುಳ್ಳು ಹೇಳಿದವಳಲ್ಲ. ಆಕೆಯನ್ನು ಎದುರು ಕೇಳುವ ಧೈರ್ಯ ಯಾರಿಗೂ ಇರದ ಕಾರಣ ಸುಳ್ಳು ಹೇಳುವ ಪ್ರಸಂಗವೂ ಬಂದಿರಲಿಲ್ಲ. ಎಲ್ಲಿ ಹೋದರೂ ಕೂಡ್ರಲು ತನ್ನದೇ ಕಟ್ಟಿಗೆಯ ಮಣೆ ಬೇಕು; ಅದೂ ಕಾರು ಹತ್ತಿತು.

ತಾಳಿಕೋಟೆ ದಾಟಿ, ಎರಡೂ ಕಡೆ ಎರೆ ಹೊಲದ ಬಿಳಿಜೋಳ ತೂಗುವಲ್ಲಿ, ಕಾರಿನ ಹಿಂದಿನ ಎಡಗಾಲಿ ದೀರ್ಘ ನಿಟ್ಟುಸಿರು ಬಿಟ್ಟಿತು. ಗಾಡಿ ಕುಂಟುತ್ತ ಒಂದು ಕಡೆ ಎಳೆಯತೊಡಗಿತು. ಇಂದುಬಾಯಿ ಬ್ರೇಕ್ ಒತ್ತಲಿಲ್ಲ. ಹಾಗೆ ಒತ್ತಿದರೆ ಗಾಡಿ ಹೊಲಕ್ಕೆ ನಡೆಯುತ್ತದೆಂದು ಆಕೆಗೆ ಗೊತ್ತಿತ್ತು. ಸ್ಟೇರಿಂಗ್ ಗಟ್ಟಿ ಹಿಡಿದು, ವೇಗ ತಾನಾಗಿ ಸಾಯುವವರೆಗೆ ಬಿಟ್ಟು, ರಸ್ತೆಯ ಬದಿಗೆ ತಂದಳು.

"ಯಾಕ ನಿಂದ್ರಿಸಿದಿ?" ಎಂದಳು ಗುಂಡವ್ವ.

"ಗಾಲಿ ಕುಂತೈತ್ರಿ, ಅತ್ತಿ."

"ಏಳಸು ಹಂಗಾರ."

ಎತ್ತಿನ ಲಾಳದ ಮೊಳೆಯೊಂದು ಟೈರಿನೊಳಗೆ ತಲೆಯಷ್ಟೇ ಹೊರಗೆ ಬಿಟ್ಟು ಮಲಗಿತ್ತು. ಇಂದುಬಾಯಿ ಸೆರಗು ಸಿಕ್ಕಿಸಿ, ಅತ್ತೆಯನ್ನು ಇಳಿಸಿ, ಮುಂದಿನ ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಟ್ಟಳು. ಡಿಕ್ಕಿ ತೆರೆದರೆ ಒಳಗೆ ಸ್ಟೆಪ್ನಿ ಮನೆಯಳಿಯನ ಹಾಗೆ ಕಾಲು ಚಾಚಿಕೊಂಡಿತ್ತು. ಸವೆದ ಗಾಲಿಯನ್ನೇ ಸ್ಟೆಪ್ನಿ ಮಾಡಿ ಇಡುವುದು ಬಸಂತರಾಯನ ನೀತಿ. ಅದರ ಮೈ ಬಿಸಿನೀರಿನ ಹಂಡೆಯಷ್ಟು ನುಣ್ಣಗಿತ್ತು. ಗಾಳಿ ಮಾತ್ರ ಇತ್ತು.

ನಮ್ಮ ಕಡೆಯ ರಸ್ತೆ ಎಷ್ಟೇ ಬರಿದಾಗಿರಲಿ, ಒಂದು ಗಾಡಿ ಕೆಟ್ಟು ನಿಂತರೆ ಸಾಕು, ನೆಲದಿಂದ ಮನುಷ್ಯರು ಮೊಳೆಯುತ್ತಾರೆ. ಜೋಳದೊಳಗಿನಿಂದ ಇಬ್ಬರು ಬಂದರು. ಆಡು ಕಾಯುವವನು ಆಡು ಸಮೇತ ಬಂದ. ಕೊನೆಗೆ ಆಳುಗಳಿಂದ ತುಂಬಿದ ಟ್ರ್ಯಾಕ್ಟರ್ ನಿಲ್ಲಿಸಿ, ಹುರಿಮೀಸೆಯ ಕಾಳಪ್ಪ ಎಂಬ ರೈತ ಇಳಿದ. ಯುದ್ಧ ಇರುವುದು ಗಾಲಿಯ ಜೊತೆಗಲ್ಲ, ಈ ಪರೋಪಕಾರಿಗಳ ಜೊತೆಗೆ ಎಂದು ಇಂದುಬಾಯಿಗೆ ಆಗ ತಿಳಿಯಿತು.

"ಸರೀರಿ ಬಾಯಾರ, ಆ ಪಾನಾ ಇಲ್ಲಿ ಕೊಡ್ರಿ," ಎಂದು ಕಾಳಪ್ಪ ಆಕೆಯ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾಕ್ಕೆ ಕೈ ಚಾಚಿದ.

"ಕೊಡೂದಿಲ್ಲರಿ, ಅಣ್ಣಾರ. ನೀವು ಮುಟ್ಟಿದ್ರ ನನ್ನ ಕೀಲಿ ಹೋಗತೈತಿ." ಪಂದ್ಯವನ್ನು ಎರಡು ಮಾತಿನಲ್ಲಿ ಹೇಳಿದಳು.

"ಅದು ನಿಮ್ಮ ಮನಿ ಮಾತಾತ್ರಿ. ನಮ್ಮ ಊರ ಸೀಮಿಯೊಳಗ ಹೆಣಮಗಳು ಜಾಕ್ ಹೊಡಿಯೂದನ್ನ ಇಷ್ಟು ಮಂದಿ ನಿಂತು ನೋಡಿದ್ರಂದ್ರ, ನಾವು ಮಾರಿ ಎಲ್ಲಿ ಇಟ್ಕೋಬೇಕು?"

"ಆ ಕಡೆ ತಿರುಗಿಸಿಕೊಂಡು ನಿಂದರ್ರಿ."

ಕಾಳಪ್ಪನ ಆಳುಗಳು ನಕ್ಕರು. ಇಂದುಬಾಯಿ ಗಾಲಿಯ ಮುಚ್ಚಳ ತೆಗೆದು, ಗಾಡಿ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಲು ಪಾನಾ ಹಾಕಿದಳು. ನಟ್ಟು ಅಲುಗಲಿಲ್ಲ. ಪಾನಾದ ಹಿಡಿಕೆ ಅಡ್ಡ ಬರುವಂತೆ ಕೂಡಿಸಿ, ಕಾರಿಗೆ ಕೈ ಆನಿಸಿ, ಅದರ ಮೇಲೆ ಹತ್ತಿ ನಿಂತಳು. ಇಂಡಿಯ ತುಪ್ಪ, ಮುದ್ದೇಬಿಹಾಳದ ಹೋಳಿಗೆ ಎರಡೂ ಕೂಡಿ ಬೆಳೆಸಿದ ದೇಹ ಅದು. ನಟ್ಟು ಕಿರ್ ಎಂದು ಶರಣಾಯಿತು. ಉಳಿದವೂ ಒಂದೊಂದಾಗಿ ಅದೇ ದಾರಿ ಹಿಡಿದವು.

ಜಾಕು ಹಚ್ಚಿದರೆ ಬದಿಯ ಎರೆಮಣ್ಣು ಅದನ್ನು ನುಂಗತೊಡಗಿತು. ಕಾರು ಏಳುವ ಬದಲು ಜಾಕು ಇಳಿಯಿತು. ಕಾಳಪ್ಪನ ಮುಖದಲ್ಲಿ ಆಸೆ ಚಿಗುರಿತು.

"ಈಗರ ಸರೀರಿ, ನಾವು ಹತ್ತು ಮಂದಿ ಗಾಡಿ ಎತ್ತಿ ಹಿಡೀತೇವಿ," ಎನ್ನುತ್ತ ಗಾಲಿಗೇ ಕೈ ಹಾಕಿದ.

ಗುಂಡವ್ವನ ಊರುಗೋಲು ಅವನ ಮಣಿಕಟ್ಟಿನ ಮೇಲೆ ಬಿತ್ತು. "ಕೈ ತಗೀ. ನನ್ನ ಸೊಸಿ ಕೀಲಿ ಅದು."

ಇಂದುಬಾಯಿ ಅತ್ತೆಯತ್ತ ನೋಡಿದಳು. ಪಂಚಳಾಗಿ ಬಂದವಳು ಪಕ್ಷ ಸೇರಿದ್ದಳು. ಸೇರಿದ್ದಷ್ಟೇ ಅಲ್ಲ, ಕುಳಿತಿದ್ದ ಮಣೆಯನ್ನು ಎತ್ತಿ ಮುಂದೆ ನೂಕಿದಳು. "ಇದನ್ನ ಬುಡಕ ಕೊಡು. ಗಂಡಸರ ಕೈ ಹತ್ತಬಾರದು ಅಂದಾನ. ಮಣಿ ಗಂಡಸಲ್ಲ."

ಮಣೆಯ ಮೇಲೆ ಜಾಕು, ಜಾಕಿನ ಮೇಲೆ ಕಾರು. ಕಾರು ಎದ್ದಿತು. ಮುಖ ಉಳಿಸಿಕೊಳ್ಳಲು ಕಾಳಪ್ಪನಿಗೂ ಒಂದು ಪದವಿ ಸಿಕ್ಕಿತು: ನಟ್ಟು ತುಂಬಿದ ಮುಚ್ಚಳವನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಲ್ಲುವುದು. ಮುಚ್ಚಳ ಗಾಲಿ ಅಲ್ಲವೆಂದು ಗುಂಡವ್ವ ನಿರ್ಣಯ ಕೊಟ್ಟಳು. ಅವನ ಆಳುಗಳು ರಸ್ತೆಗೆ ಅಡ್ಡ ನಿಂತು ಬರುವ ಗಾಡಿಗಳನ್ನು ಬದಿಗೆ ಸರಿಸತೊಡಗಿದರು.

ಸ್ಟೆಪ್ನಿ ಏರಿಸಿ, ನಟ್ಟುಗಳನ್ನು ಕೈಯಿಂದ ತಿರುವಿ, ಜಾಕು ಇಳಿಸುವ ಹೊತ್ತಿಗೆ ಸಿಂದಗಿಯ ಬಸ್ಸು ಬಂದು ನಿಂತಿತು. ಕಿಟಕಿಗಳ ತುಂಬ ತಲೆ. ಅದರಲ್ಲೊಂದು ತಲೆ ಬಸಂತರಾಯನದು.

ಅವನು ಇಳಿದು ಬಂದ. ಬಸ್ಸೇ ಖಾಲಿಯಾಗುವಂತೆ ಜನ ಅವನ ಹಿಂದೆ ಇಳಿದರು.

"ನೀವs ಏನ್ರಿ ಇವರ ಯಜಮಾನ್ರು?" ಎಂದ ಕಾಳಪ್ಪ, ತಟ್ಟೆ ಹಿಡಿದೇ. "ಬಿಗಿ ಮಾಡೂದೊಂದು ಉಳದೈತಿ. ನೀವರ ಪಾನಾ ಹಿಡೀರಿ ಸಾವಕಾರ್ರ, ನಮ್ಮ ಗಂಡಸರ ಮಾನಾ ಉಳೀಲಿ."

ಇಂದುಬಾಯಿ ಪಾನಾ ಹಿಡಿದು ನಿಂತಿದ್ದಳು. ಗಲ್ಲಕ್ಕೆ ಮಸಿ, ಸೀರೆಗೆ ಎರೆಮಣ್ಣು. ಗಂಡನ ಕೈ ಬಂದರೂ ಕೀಲಿ ಹೋದ ಹಾಗೆಯೇ; ತಾನು ಒಬ್ಬಳೇ ಮುಗಿಸಲಿಲ್ಲ ಎಂಬ ಮಾತು ಆಯುಷ್ಯವಿಡೀ ಉಳಿಯುತ್ತದೆ. ಬೇಡ ಎಂದು ಇಷ್ಟು ಜನರ ಮುಂದೆ ಗಂಡನಿಗೆ ಹೇಳುವುದಾದರೂ ಹೇಗೆ?

ಬಸಂತರಾಯ ಗಾಲಿ ನೋಡಿದ, ಮಣೆ ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಮುಗಸ್ತಾಳ ಬಿಡ್ರಿ," ಎಂದ, ಬಸ್ಸಿನ ಕೊನೆಯ ಸೀಟಿಗೂ ಕೇಳುವ ಹಾಗೆ. "ನಮ್ಮ ಮನಿಯಾಗ ಈ ಕೆಲಸ ಬಲ್ಲವರು ಇವರೊಬ್ಬರs."

ಇಂದುಬಾಯಿ ಒಂದು ಬಿಟ್ಟು ಒಂದರಂತೆ ನಟ್ಟುಗಳನ್ನು ಬಿಗಿದಳು. ಕಣ್ಣಿಗೆ ಏನೋ ಅಡ್ಡ ಬರುತ್ತಿತ್ತು, ಬೆವರು ಅಂದುಕೊಂಡಳು.

ಬಸ್ಸು ಹೋಯಿತು. ಬಸಂತರಾಯ ಹೋಗಲಿಲ್ಲ. ನಡೆದದ್ದನ್ನೆಲ್ಲ, ಪಾನಾದ ಮೇಲೆ ನಿಂತದ್ದನ್ನೂ ಸೇರಿಸಿ, ಕಾಳಪ್ಪನ ಬಾಯಿಂದ ಕೇಳಿಕೊಂಡು, ಮೊದಲ ಸಲ ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂತ. ಹೊರಟ ಕಾರಿನ ವೇಗವನ್ನು ಮದುವೆ ಮೆರವಣಿಗೆಗೆ ಹೋಲಿಸಿದರೆ ಮೆರವಣಿಗೆಯವರು ಬೇಸರಪಟ್ಟಾರು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಮುಂದೆ ಹೋದ.

"ಸ್ವಲ್ಪ ಒತ್ತಬಾರದೇನು? ತೊಟ್ಟಿಲಕ್ಕ ಹೊತ್ತಾತು."

"ಗಾಲಿ ನುಣ್ಣಗ ಐತ್ರಿ. ಜೋರ್ ಹೋದ್ರ, ಗಕ್ಕನ ಬ್ರೇಕ್ ಹಾಕಿದ್ರ ಜಾರತೈತಿ. ಕೂಸು ಎಲ್ಲಿಗೂ ಓಡಿ ಹೋಗೂದಿಲ್ಲ."

ಬಸಂತರಾಯ ದೂರವಾಗುತ್ತಿದ್ದ ಸೈಕಲ್ಲನ್ನು ನೋಡಿದ. "ಆ ಡ್ರೈವರಗ ಬ್ಯಾಡಂತ ಹೇಳಿ ಕಳಸ್ತೇನಿ."

"ಯಾಕ್ರಿ?"

"ಪಾನಾದ ಮ್ಯಾಲ ನಿಂತ್ರ ನಟ್ಟು ಅಲುಗೂವಷ್ಟು ತೂಕ ಇಲ್ಲ ಆತಗ."

ಇಂದುಬಾಯಿ ನಗದೆ ಗೇರು ಬದಲಿಸಿದಳು. ಒಂದೆರಡು ಮೈಲಿ ಹೋದ ಮೇಲೆ ಕಾರು ನಿಲ್ಲಿಸಿ ನಟ್ಟು ಮತ್ತೊಮ್ಮೆ ಬಿಗಿದು ನೋಡಿದಳು. ಹೊಸದಾಗಿ ಏರಿಸಿದ ಗಾಲಿಗೆ ಅದು ಬೇಕು. ಅಲ್ಲೊಂದು ಚಹಾದಂಗಡಿ ಇತ್ತು. ಬಸಂತರಾಯ ಇಳಿದು, ಅಲ್ಲಿದ್ದವರಿಗೆ ಲಾಳದ ಮೊಳೆಯಿಂದ ಹಿಡಿದು ಇಡೀ ಕತೆ ಹೇಳಿದ. ಮುಂದಿನ ಕ್ರಾಸಿನಲ್ಲಿ ಜನ ಕಂಡೊಡನೆ, "ನಟ್ಟು ಇನ್ನೊಮ್ಮೆ ನೋಡಿಬಿಡು," ಎಂದ. ಅದರ ಮುಂದಿನ ಊರಲ್ಲೂ ಹಾಗೇ. ಹೇಳುತ್ತ ಹೇಳುತ್ತ ಮೊಳೆ ಗೇಣುದ್ದ ಆಯಿತು, ಕಾಳಪ್ಪನ ಆಳುಗಳು ಐವತ್ತಾದರು.

ಸಿಂದಗಿಯ ಮನೆಗಳು ಕಾಣುವಾಗ ಅವನು ಮತ್ತೆ, "ಏ, ನಟ್ಟು…" ಎಂದ.

"ನಟ್ಟು ಗಟ್ಟಿ ಅದಾವೋ," ಎಂದಳು ಗುಂಡವ್ವ ಹಿಂದಿನಿಂದ. "ಸಡ್ಲಾಗಿದ್ದು ನಿನ್ನ ನಾಲಗಿ. ನೀ ಹೊಡಿ, ಇಂದೂ."

ಇಂದುಬಾಯಿ ಹೊಡೆದಳು. ಊರ ಅಗಸಿ ಬಾಗಿಲ ಹತ್ತಿರ ಗುಂಪು ಕಂಡಾಗ ಮಾತ್ರ, ಯಾರೂ ಹೇಳದಿದ್ದರೂ, ತಾನಾಗಿಯೇ ಬದಿಗೆ ತೆಗೆದುಕೊಂಡು ನಿಲ್ಲಿಸಿದಳು.

"ಹೋಗಿ ಹೇಳಿ ಬರ್ರಿ," ಎಂದಳು ಗಂಡನಿಗೆ. "ಪಾನಾದ ಮ್ಯಾಲ ನಿಂತದ್ದನ್ನ ಬಿಡಬ್ಯಾಡ್ರಿ."