ಸುಕನ್ಯ ಬಾಯಿ ಬಿಗಿಹಿಡಿದದ್ದು

ಜೋಗುಪಾಳ್ಯದ ಸುಕನ್ಯಳಿಗೆ ಮಾತೆಂದರೆ ಪ್ರಾಣ. ಇವಳನ್ನು ಅಂಗಡಿಗೆ ಕಳಿಸಿದರೆ ಕೊತ್ತಂಬರಿ ಸೊಪ್ಪು ಮನೆ ಸೇರುವಷ್ಟರಲ್ಲಿ ಬಾಡಿರುತ್ತದೆ ಎಂದು ಅವಳ ತಂದೆ ಮುನಿಕೃಷ್ಣಪ್ಪ ನಗುತ್ತಿದ್ದರು. 1997ರಲ್ಲಿ ಅವಳು ಹಲಸೂರಿನ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯಲ್ಲಿದ್ದಳು. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಶರ್ಫುನ್ನೀಸಾ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ಆದರೆ ಮಾತಿನಲ್ಲಿ ಉಗ್ಗು. ಹಾಜರಿಗೆ ಅವಳು ‘ಪ್ರೆಸೆಂಟ್’ ಎನ್ನುವಷ್ಟರಲ್ಲಿ ಮುಂದಿನ ಎರಡು ಹೆಸರು ಕರೆದಾಗಿರುತ್ತಿತ್ತು.

ಹಿಂದಿನ ಬೆಂಚಿನ ನಿಖಿತಾಳಿಗೆ ಅದೇ ಆಟವಾಯಿತು. ಶರ್ಫು ಬಾಗಿಲಲ್ಲಿ ಕಂಡರೆ ಸಾಕು, ಅವಳಂತೆಯೇ ಉಗ್ಗಿ ತೋರಿಸುತ್ತಿದ್ದಳು. ಸುತ್ತಲಿನವರು ನಗುತ್ತಿದ್ದರು. ಶರ್ಫು ಊಟದ ಡಬ್ಬಿ ಹಿಡಿದು ನಲ್ಲಿಯ ಹತ್ತಿರ ಒಬ್ಬಳೇ ಹೋಗಿ ಕೂರತೊಡಗಿದಳು.

ಒಂದು ದಿನ ಸುಕನ್ಯಳಿಗೆ ತಡೆಯಲಾಗಲಿಲ್ಲ. ನಿಖಿತಾಳ ಜಡೆ ಹಿಡಿದು ಎಳೆದಳು. ಇಬ್ಬರನ್ನೂ ಎರಡು ಪೀರಿಯಡ್ ವರಾಂಡಾದಲ್ಲಿ ನಿಲ್ಲಿಸಿದರು. ಮರುದಿನ ಅಣಕ ಇಮ್ಮಡಿಯಾಯಿತು. ‘ಬಾಡಿಗಾರ್ಡ್ ಎಲ್ಲಿ’ ಎಂಬ ಗೇಲಿಯೂ ಸೇರಿಕೊಂಡಿತು.

ಗೆಳತಿ ಮೆಚ್ಚುತ್ತಾಳೆಂದುಕೊಂಡಿದ್ದಳು ಸುಕನ್ಯ. ಶರ್ಫುವಿಗೆ ಸಿಟ್ಟು ಬಂದಿತ್ತು.

“ಜಡೆ ಎಳೀಲಾ ಅಂತ ನನ್ನ ಒಂದ್ ಮಾತು ಕೇಳಿದ್ಯಾ?”

ಸುಕನ್ಯ, “ಸರಿ, ಈಗ ಕೇಳ್ತೀನಿ. ಏನ್ ಮಾಡ್ಲಿ ಹೇಳು,” ಎಂದಳು.

ಶರ್ಫು ನಿಧಾನವಾಗಿ ಹೇಳಿದಳು. ಊಟಕ್ಕೆ ಜೊತೆಗೆ ಬಂದು ಕೂರಬೇಕು. ಕ್ಲಾಸ್ ಟೀಚರ್ ಮಂಜುಳಮ್ಮ ಮಿಸ್‌ಗೆ ವಿಷಯವನ್ನು ಶರ್ಫು ತಾನೇ ಹೇಳುತ್ತಾಳೆ, ಸುಕನ್ಯ ಪಕ್ಕದಲ್ಲಿ ನಿಂತಿದ್ದರೆ ಸಾಕು. ಇನ್ನೂ ಒಂದಿತ್ತು.

“ನನ್ನ ಮಾತನ್ನ ನೀನು ಮುಗಿಸ್ಬೇಡ ಕಣೇ. ಅವ್ಳು ಅಣಕಿಸ್ತಾಳೆ. ನೀನು ಕಿತ್ಕೊಂಡ್ಬಿಡ್ತೀಯ.”

ಸುಕನ್ಯಳಿಗೆ ಚುರುಕ್ಕೆಂದಿತು. ಶರ್ಫು ತಡವರಿಸಿದಾಗಲೆಲ್ಲ ಅವಳ ಮಾತನ್ನು ತಾನು ಮುಗಿಸಿಕೊಡುವುದನ್ನು ಅವಳು ಉಪಕಾರವೆಂದೇ ತಿಳಿದಿದ್ದಳು.

ಸ್ಟಾಫ್ ರೂಮಿಗೆ ಹೋಗುವಾಗ ತನ್ನ ಬಾಯನ್ನು ನಂಬಲಾಗದೆ ಅವಳು ಇಡೀ ಕಡಲೆಮಿಠಾಯಿಯೊಂದನ್ನು ಬಾಯಿಗೆ ತುರುಕಿಕೊಂಡಳು. ಬಾಯಲ್ಲೇನು ಎಂದು ಮಿಸ್ ಕೇಳಿದಾಗ ಉತ್ತರಿಸಲಾಗದೆ ಕಣ್ಣು ಬಿಟ್ಟಳು. ಶರ್ಫುವಿಗೆ ನಗು ಬಂತು. ಆ ನಗುವಿನಲ್ಲೇ ಮಾತು ಶುರುವಾಯಿತು. ಹತ್ತು ನಿಮಿಷ ಹಿಡಿಯಿತು, ಆದರೆ ಎಲ್ಲವನ್ನೂ ಅವಳೇ ಹೇಳಿ ಮುಗಿಸಿದಳು.

ಮರುದಿನದಿಂದ ಹಾಜರಿಗೆ ಎಲ್ಲರೂ ಕೈ ಎತ್ತಿದರೆ ಸಾಕೆಂದಾಯಿತು. ಮಿಸ್ ನಿಖಿತಾಳನ್ನು ಒಬ್ಬಳನ್ನೇ ಕರೆದು ಮಾತಾಡಿದರು. ಆದರೂ ಅಣಕ ಒಮ್ಮೆಗೇ ನಿಲ್ಲಲಿಲ್ಲ. ಆಗ ಸುಕನ್ಯ ಶರ್ಫುವನ್ನು ಕೇಳಿಕೊಂಡೇ, ನಗುತ್ತಿದ್ದ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕಂಡು ನಗಬೇಡಿರೆಂದಳು, ಅಷ್ಟೇ. ಮೊದಲು ನಗು ನಿಲ್ಲಿಸಿದವಳು ಬೃಂದಾ. ಆಮೇಲೆ ಅವಳೂ ಡಬ್ಬಿ ಹಿಡಿದು ನಲ್ಲಿಯ ಹತ್ತಿರ ಬಂದಳು. ದಸರಾ ರಜೆಯ ಹೊತ್ತಿಗೆ ಅಲ್ಲಿ ಆರು ಜನ, ಬೇರೆಯವರಿಗೆ ಕೈ ತೊಳೆಯಲೂ ಜಾಗವಿರಲಿಲ್ಲ. ತಿರುಗಿ ನೋಡುವವರಿಲ್ಲದೆ ನಿಖಿತಾಳಿಗೆ ಆಟ ಬೇಸರವಾಯಿತು.

ಅವಳು ಕ್ಷಮೆ ಕೇಳಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಹತ್ತನೇ ತರಗತಿಯ ಪರೀಕ್ಷೆಗೆ ಮುಂಚೆ ರೇಖಾಗಣಿತದ ಪ್ರಮೇಯವೊಂದನ್ನು ಹಿಡಿದು ಬಂದು, ಮೊದಲು ತಲೆ ತಗ್ಗಿಸಿ ತಪ್ಪಾಯಿತೆಂದಳು, ಆಮೇಲೆ ಪುಸ್ತಕ ತೆರೆದಳು. ಶರ್ಫು ತನ್ನದೇ ವೇಗದಲ್ಲಿ ವಿವರಿಸಿದಳು. ನಿಖಿತಾ ಕಾದು ಕೇಳಿದಳು.

ಈಗ, 2008ರಲ್ಲಿ, ಸುಕನ್ಯ ದೊಮ್ಮಲೂರಿನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್. ಶರ್ಫುನ್ನೀಸಾ ಶಿವಾಜಿನಗರದಲ್ಲಿ ಲೆಕ್ಕದ ಟೀಚರ್. ಹೊಸ ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡುತ್ತಾಳಂತೆ: “ನಾನು ಉಗ್ಗ್ತೀನಿ. ಲೆಕ್ಕ ಮಾತ್ರ ಸರಿಯಾಗೇ ಬರುತ್ತೆ.”