ಗ್ರಂಥಾಲಯದ ಕಂಪ್ಯೂಟರೂ ನನ್ನ ಬಾಯಿಯೂ

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ನಮ್ಮ ಬಂಧುಬಳಗ ಒಮ್ಮತದಿಂದ ಒಪ್ಪಿಕೊಂಡಿರುವ ಸತ್ಯ. ನಾದಿನಿ ಬಸುರಿಯಾದ ಸುದ್ದಿಯನ್ನು ಅವಳ ಗಂಡನಿಗಿಂತ ಮೊದಲು ಊರಿಗೆ ತಿಳಿಸಿದವಳು ನಾನು. ಇಂಥವಳನ್ನು ವಿಧಿ ಮಳವಳ್ಳಿಯ ಒಂದು ಪುಟ್ಟ ಗ್ರಂಥಾಲಯದ ಮೇಜಿನ ಹಿಂದೆ ಕೂರಿಸಿ, ಎದುರಿಗೆ ‘ನಿಶ್ಶಬ್ದ’ ಎಂಬ ಹಲಗೆಯನ್ನು ತೂಗುಹಾಕಿದೆ. ಆ ಹಲಗೆ ಓದುಗರಿಗಾಗಿ ಇರುವುದು ಎಂದು ನಾನು ಬಹಳ ಕಾಲ ತಿಳಿದಿದ್ದೆ.

ನಮ್ಮ ಕಡೆ ಇನ್ನೊಬ್ಬರ ವಿಷಯ ಕೇಳುವುದು ತಪ್ಪಲ್ಲ, ಕೇಳದೆ ಸುಮ್ಮನಿರುವುದೇ ತಪ್ಪು. ಮದ್ದೂರಿನಲ್ಲಿ ನಾನು ಬೆಳಗಿನ ಬಸ್ಸು ಹತ್ತಿ ಕೂತರೆ, ಪಕ್ಕದವರು ಟಿಕೆಟ್ ತೆಗೆದುಕೊಳ್ಳುವ ಮೊದಲೇ “ಯಾವೂರಾಯ್ತವ್ವ? ಯಾರ ಪೈಕಿ?” ಎಂದು ಶುರುಮಾಡುತ್ತಾರೆ. ಮಳವಳ್ಳಿ ಬರುವಷ್ಟರಲ್ಲಿ ಬೆಸಗರಹಳ್ಳಿಯ ನನ್ನ ತವರು, ನನ್ನ ಸಂಬಳ, ಸಕ್ಕರೆ ಕಾಯಿಲೆ, ಮಗಳು ಬೇಡವೆಂದ ಗಂಡುಗಳು ಎಲ್ಲವೂ ಅವರ ಮಡಿಲಲ್ಲಿರುತ್ತವೆ. ಬದಲಿಗೆ ಅವರ ಸೊಸೆಯ ಸಮಗ್ರ ಚರಿತ್ರೆ ನನ್ನ ಮಡಿಲಿಗೆ. ಇದರಲ್ಲಿ ಪ್ರೀತಿ ಇಲ್ಲ ಎನ್ನಲಾರೆ. ಬಸ್ಸಿನಲ್ಲಿ ತಲೆಸುತ್ತು ಬಂದರೆ ಕೈಹಿಡಿದು ಮನೆ ಮುಟ್ಟಿಸುವವರೂ ಇವರೇ.

ಗ್ರಂಥಾಲಯಕ್ಕೆ ಎರಡು ಕಂಪ್ಯೂಟರು ಬಂದಾಗ ಈ ಪ್ರೀತಿ ಅಲ್ಲಿಗೂ ನುಗ್ಗಿತು. ಯಾರಾದರೂ “ಮೇಡಂ, ಪಾಸ್‌ವರ್ಡ್ ಮರ್ತೋಯ್ತು” ಎಂದರೆ, ಪೇಪರು ಓದುತ್ತಿದ್ದವರು ತಲೆಯೆತ್ತದೆಯೇ “ನಿನ್ ಮಗಳೆಸ್ರು, ಮುಂದ್ಕೆ ಒನ್ ಟೂ ತ್ರೀ ಕಣ್ಲಾ” ಎನ್ನುತ್ತಿದ್ದರು. ಮೊಬೈಲಿಗೆ ಬಂದ ಓಟಿಪಿಯನ್ನು ಸಂತೆಯಲ್ಲಿ ಕೂಗುವಂತೆ ಕೂಗುವುದು, ಮೇಲ್ ತೆರೆದಿಟ್ಟು ಟೀ ಕುಡಿಯಲು ಎದ್ದುಹೋಗುವುದು, ಇವೆಲ್ಲ ನಮ್ಮಲ್ಲಿ ನಂಬಿಕೆಯ ಲಕ್ಷಣ. ಆದರೆ ಕಂಪ್ಯೂಟರು ನನಗಿಂತಲೂ ದೊಡ್ಡ ಬಾಯಿಬಡುಕ. ಒಬ್ಬರು ಹುಡುಕಿದ್ದನ್ನು ನೆನಪಿಟ್ಟುಕೊಂಡು, ಆಮೇಲೆ ಬಂದವರು ಒಂದಕ್ಷರ ಒತ್ತಿದರೆ ಸಾಕು, ಪೂರ್ತಿ ಮಾತನ್ನು ತಾನೇ ಬರೆದು ತೋರಿಸುತ್ತದೆ. ಒಂದು ದಿನ ಒಬ್ಬ ಕಲಾವಿದರು ಮೂಡಲಪಾಯ ಯಕ್ಷಗಾನದ ವಿಚಾರ ಹುಡುಕಲು ‘ಮೂ’ ಎಂದು ಒತ್ತಿದವರೇ ಹಾಲಿಗೆಲ್ಲ ಕೇಳುವಂತೆ “ಯಾರ್ಲಾ ಅದು, ಮೂಲವ್ಯಾದಿಗೆ ಮದ್ದು ಉಡ್ಕಿರೋನು?” ಎಂದರು. ಇಡೀ ಹಾಲೇ ನಕ್ಕಿತು. ಕಿಟಕಿಯ ಬಳಿ ಕೂತಿದ್ದ ಮೇಷ್ಟ್ರೊಬ್ಬರು ಮಾತ್ರ ಪೇಪರನ್ನು ನಾಲ್ಕಾಗಿ ಮಡಿಸಿಟ್ಟು ಎದ್ದುಹೋದರು. ಮತ್ತೆ ನಮ್ಮ ಕಡೆ ಅವರು ಸುಳಿಯಲಿಲ್ಲ. ಒಂದು ನಗುವಿಗೆ ಒಬ್ಬ ಓದುಗರನ್ನು ಕಳೆದುಕೊಂಡೆವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಆವತ್ತೇ ಎರಡೂ ಯಂತ್ರಗಳ ಮುಂದೆ ಕೂತು, ಪರದೆಯ ಮೇಲಿನ ಕಿಟಕಿ ಮುಚ್ಚಿದ ಕೂಡಲೇ ಹುಡುಕಿದ್ದು, ನೋಡಿದ್ದು, ಒತ್ತಿದ ಪಾಸ್‌ವರ್ಡು ಎಲ್ಲ ಅಳಿಸಿಹೋಗುವಂತೆ ಮಾಡಿದೆ. ಪರದೆಗಳು ಬೇರೆಯವರ ಕಣ್ಣಿಗೆ ಬೀಳದಂತೆ ಮೇಜುಗಳನ್ನು ತಿರುಗಿಸಿದೆ. ಓಟಿಪಿ ಕೂಗಿದವರನ್ನು ಗದರಿಸಿದೆ. ಯಂತ್ರದ ಬಾಯಿ ಮುಚ್ಚಿಸುವುದು ಇಷ್ಟು ಸುಲಭ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ ಎಂದು ಹಿರಿಯರು ಕೇಳಿದ್ದಾರೆ. ಊರಿನದು ಹಾಗಿರಲಿ, ನನ್ನದೇ ಒಂದಿತ್ತಲ್ಲ!

ಈ ಕಷ್ಟಕ್ಕೆ ಗುರುವಾಗಿ ನನಗೆ ಸಿಕ್ಕಿದ್ದು ಶಿವನ ಗುಡಿಯ ನಂದಿ. ಜನ ಅವನ ಕಿವಿಗೆ ಬಾಯಿಟ್ಟು ಏನೇನೋ ಹೇಳಿಕೊಳ್ಳುತ್ತಾರೆ. ಅತ್ತೆ ಹೇಳಿದ್ದು ಅದೇ ಕಿವಿಗೆ, ಸೊಸೆ ಹೇಳಿದ್ದೂ ಅದೇ ಕಿವಿಗೆ. ಒಬ್ಬರದು ಇನ್ನೊಬ್ಬರಿಗೆ ದಾಟಿದ ದಾಖಲೆ ಯಾವ ಪುರಾಣದಲ್ಲೂ ಇಲ್ಲ. ಹೇಳಿದವರೆಲ್ಲ ತಪ್ಪು ಮಾಡಿದವರೂ ಅಲ್ಲ. ನಮ್ಮಲ್ಲಿ ‘ಗುಟ್ಟು’ ಎಂದರೆ ಸಾಕು, ಏನೋ ಕೆಟ್ಟದ್ದೇ ಇರಬೇಕು ಎಂದು ಕಿವಿ ನಿಮಿರುತ್ತದೆ. ನಾವು ಸ್ನಾನಕ್ಕೆ ಹೋದಾಗ ಬಾಗಿಲು ಹಾಕಿಕೊಳ್ಳುವುದು ಕಳ್ಳತನ ಮಾಡುವುದಕ್ಕಲ್ಲವಲ್ಲ.

ಇಷ್ಟೆಲ್ಲ ಯೋಚಿಸಲು ಕಾರಣಳಾದವಳನ್ನು ಪದ್ಮ ಎಂದು ಕರೆಯೋಣ. ಹೆಸರು ಅದಲ್ಲ. ಊರು ಬೆಳಕವಾಡಿ ಕಡೆ ಎಂದಿಟ್ಟುಕೊಳ್ಳಿ, ಅದೂ ಅಲ್ಲ. ಗಂಡನ ಮನೆಯವರಿಗೆ ಮಳವಳ್ಳಿಯಲ್ಲಿ ಏನಾದರೂ ಕೆಲಸ ಇದ್ದ ದಿನ ಅದನ್ನು ಬೇಗ ಮುಗಿಸಿ, ಉಳಿದ ಒಂದು ಗಂಟೆ ಹೊತ್ತು ನಮ್ಮ ಕಂಪ್ಯೂಟರಿನ ಮುಂದೆ ಕೂರುವವಳು. ಮನೆಯಲ್ಲಿರುವ ಮೊಬೈಲು ಎಲ್ಲರ ಕೈಯಲ್ಲೂ ಓಡಾಡುವ ಮೊಬೈಲು. ಒಮ್ಮೆ ಅವಳು ಓದುತ್ತಿದ್ದುದನ್ನು ಪ್ರಿಂಟ್ ಮಾಡಲು ಹೋದಾಗ ಹಾಳೆ ನನ್ನ ಮೇಜಿನ ಪಕ್ಕದ ಯಂತ್ರದಿಂದ ಹೊರಬಂತು, ನನ್ನ ಕಣ್ಣೂ ಅದರ ಮೇಲೆ ಬಿತ್ತು. ಅದರಲ್ಲಿ ಅಪರಾಧ ಏನೂ ಇರಲಿಲ್ಲ, ಅವಳ ಬದುಕಿಗೆ ಬೇಕಾದ ವಿಚಾರ. ಹಾಳೆಯನ್ನು ಮಡಚಿ ರವಿಕೆಯೊಳಗೆ ಸೇರಿಸುತ್ತ ಅವಳು “ನಾನ್ ಏನ್ ಓದ್ತೀನಂತ ಮನೇಲ್ ಗೊತ್ತಾದ್ರೆ ನಾನಿಲ್ಲಿಗ್ ಬರೋದೇ ನಿಂತೋಯ್ತದೆ ಮೇಡಂ. ನಂಗಿರೋದು ಇದೊಂದೇಯ” ಎಂದಳು.

ಮುಂದಿನ ವಾರ ಅವಳ ಭಾವ, ಅಂದರೆ ಗಂಡನ ಅಣ್ಣ, ನನ್ನ ಮೇಜಿನ ಮುಂದೆ ನಿಂತಿದ್ದರು.

“ಅಕ್ಕಾ, ನಿಮ್ ತವ್ರು ಬೆಸಗ್ರಳ್ಳಿ ಅಲ್ವಾ? ನಮ್ಮ ಸೋದರತ್ತೇನೂ ಅಲ್ಲಿಗೇ ಕೊಟ್ಟಿರೋದು” ಎಂದು ನೆಂಟಸ್ತಿಕೆಯಿಂದ ಶುರುಮಾಡಿದರು. ನನ್ನ ಬಸ್ಸಿನ ಚರಿತ್ರೆ ಅಲ್ಲಿಗೂ ತಲುಪಿತ್ತು. “ನಮ್ಮನೆ ಎಣ್ಮಗ ಇಲ್ಲಿಗ್ ಬತ್ತದಂತಲ್ಲ, ಕಂಪ್ಯೂಟ್ರಲ್ಲಿ ಏನ್ ನೋಡ್ತದೆ? ನೋಡಿದ್ದೆಲ್ಲ ಎಸ್ಟ್ರಿ ಅಂತ ಉಳ್ಕಂಡಿರ್ತದಂತೆ, ಒಸಿ ತಗೀರಿ.”

“ಇಲ್ಲಿ ಅದೇನೂ ಉಳಿಯೋದಿಲ್ಲ. ಎಲ್ಲಾ ಅಳಿಸಿಹೋಗುತ್ತೆ” ಎಂದೆ.

“ನೀವು ನೋಡಿರ್ತೀರಲ್ಲ? ನಂಗೊಬ್ನಿಗೇಳಿ ಸಾಕು.”

ನಾಲಿಗೆಯ ತುದಿ ತುರಿಸಿತು. ನಿಜ ಹೇಳದಿದ್ದರೂ ‘ಅಡುಗೆ ವಿಷಯ ಓದುತ್ತಾಳೆ’ ಎಂದು ಒಂದು ಸುಳ್ಳು ಎಸೆದರೆ ಮುಗಿಯುತ್ತಿತ್ತು. ಆದರೆ ಇವತ್ತು ಸುಳ್ಳಾದರೂ ಸರಿ, ಉತ್ತರ ಅಂತ ಒಂದು ಕೊಟ್ಟರೆ ನಾಳೆ ಇನ್ನೊಬ್ಬರು ಬರುತ್ತಾರೆ. ಕೇಳಬಹುದು ಎಂಬ ಧೈರ್ಯವೇ ಹುಟ್ಟಬಾರದು.

“ಹೇಳುವುದಿಲ್ಲ” ಎಂದೆ. “ಅವಳದು ನಿಮಗೆ ಹೇಳುವುದಿಲ್ಲ. ಹೋದ ತಿಂಗಳು ನೀವೂ ಬಂದು ಕೂತಿದ್ದಿರಿ. ನಿಮ್ಮ ಮನೆಯವರು ಬಂದು ಕೇಳಿದರೆ ನಿಮ್ಮದನ್ನೂ ಹೇಳುವುದಿಲ್ಲ.”

ಅವರು ಏನು ನೋಡಿದ್ದರೋ ದೇವರಾಣೆಗೂ ನನಗೆ ಗೊತ್ತಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆ ಮನುಷ್ಯ ಒಮ್ಮೆ ಮೂಲೆಯ ಕಂಪ್ಯೂಟರಿನ ಕಡೆ, ಒಮ್ಮೆ ನನ್ನ ಕಡೆ ನೋಡಿದರು. “ಆಯ್ತು ಬುಡಿ, ನಂಗ್ಯಾಕೆ” ಎಂದು ಮೆಟ್ಟಿಲಿಳಿದರು. ನನಗೆ ಒಳಗೊಳಗೇ ಹಬ್ಬದಷ್ಟು ಖುಷಿ.

ಪದ್ಮ ಬರುವುದು ನಿಲ್ಲಲಿಲ್ಲ. ಮುಂದಿನ ಸಲ ಬಂದಾಗ, ಭಾವ ವಿಚಾರಿಸಿಕೊಂಡು ಬಂದಿದ್ದರು, ಹುಷಾರಾಗಿರು ಎಂದೆ. ಅವಳ ಮುಖ ಬಿಳುಚಿತು. ನಾನು ಏನೂ ಹೇಳಿಲ್ಲವೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಮೇಜಿನ ಮೇಲೆ ಬಗ್ಗಿ, ಕಣ್ಣರಳಿಸಿ, “ನಮ್ ಬಾವಾರೂ ಇಲ್ಲಿಗ್ ಬತ್ತಾರಾ ಮೇಡಂ? ಏನ್ ನೋಡ್ತಾರೆ?” ಎಂದಳು.

“ಹೇಳುವುದಿಲ್ಲ” ಎಂದೆ.

ಅವಳು ಒಂದು ಗಳಿಗೆ ಮುಖ ಊದಿಸಿಕೊಂಡು ನಿಂತಳು. ಆಮೇಲೆ ನಕ್ಕುಬಿಟ್ಟಳು.

“ಓಗ್ಲಿ ಬುಡಿ. ಅವ್ರುದ್ನ ನಂಗೇಳೋರು, ನಂದ ಅವ್ರಿಗೇಳ್ದೆ ಇರ್ತಾರಾ” ಎನ್ನುತ್ತ ಕುರ್ಚಿ ಎಳೆದುಕೊಂಡು ಕೂತಳು.