ಸುಣ್ಣ ಬಳಿಯದ ಗೋಡೆ ಮತ್ತು ಸೊಳ್ಳೆ ಡಾಕ್ಟ್ರಮ್ಮ

ಪಾಪಿನಾಯಕನಹಳ್ಳಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದುರುಗವ್ವನ ದನದ ಕೊಟ್ಟಿಗೆಯಲ್ಲಿ ಗಂಗಾಂಬಿಕಾ ಮೊಣಕಾಲೂರಿ ಕೂತು, ಕೈಯಲ್ಲಿ ಟಾರ್ಚು, ಬಾಯಲ್ಲಿ ರಬ್ಬರ್ ಕೊಳವೆ ಹಿಡಿದು ಗೋಡೆಯನ್ನು ಇಂಚಿಂಚಾಗಿ ನೋಡುತ್ತಿದ್ದಾರೆ. ಕೊಳವೆಯ ಇನ್ನೊಂದು ತುದಿಯಲ್ಲಿ ಗಾಜಿನ ನಳಿಗೆ. ಗೋಡೆಗೆ ಕೂತ ಸೊಳ್ಳೆಯ ಹತ್ತಿರ ಅದನ್ನು ಒಯ್ದು ಚುರುಕಾಗಿ ಉಸಿರೆಳೆದರೆ ಸೊಳ್ಳೆ ನಳಿಗೆಯೊಳಗೆ. ನಡುವೆ ತೆಳುಬಟ್ಟೆ ಬಿಗಿದಿರುವುದರಿಂದ ಅದು ಬಾಯಿಯವರೆಗೆ ಬರುವುದಿಲ್ಲ. ದುರುಗವ್ವನಿಗೆ ಮಾತ್ರ ಆ ತೆಳುಬಟ್ಟೆಯ ಮೇಲೆ ಇವತ್ತಿಗೂ ನಂಬಿಕೆ ಇಲ್ಲ.

“ಒಂದಿನ ನುಂಗೇ ನುಂಗ್ತೀರಿ ನೋಡ್ರಿ ಡಾಕ್ಟ್ರಮ್ಮ,” ಎನ್ನುತ್ತಾ ಆಕೆ ಸಗಣಿ ಬಾಚುತ್ತಾಳೆ.

“ನುಂಗಿದ್ರ ಇವತ್ತಿನ ನಾಷ್ಟಾ ಉಳೀತು ಅನ್ಕೋತೀನಿ ಬಿಡು ಯವ್ವ,” ಎನ್ನುತ್ತಾರೆ ಗಂಗಾಂಬಿಕಾ, ಕೊಳವೆಯನ್ನು ಬಾಯಿಂದ ತೆಗೆದು.

ಹೊರಗೆ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ಆಗಲೇ ಶುರುವಾಗಿದೆ. ಸಂಡೂರಿನ ಗುಡ್ಡಗಳು ಹೀಗೆ ಲಾರಿ ಹತ್ತಿ ಹೋಗತೊಡಗಿ ನಾಲ್ಕೈದು ವರ್ಷವಾಯಿತು. ಈ ಊರಿನ ಬೇವಿನ ಎಲೆ, ಎಮ್ಮೆಯ ಬೆನ್ನು, ಒಣಹಾಕಿದ ಸೀರೆ ಎಲ್ಲಕ್ಕೂ ಅದಿರು ದೂಳಿನ ಒಂದೇ ಕೆಂಪು ಬಣ್ಣ. ಗಂಗಾಂಬಿಕಾ ಇಲ್ಲಿಗೆ ಬಂದಾಗಲೆಲ್ಲ ಮನೆಯೊಳಗಿನ ಕೋಣೆಯನ್ನು ಮೊದಲು ನೋಡಿ, ಆಮೇಲೆ ಕೊಟ್ಟಿಗೆಗೆ ಬರುವವರು. ಇವತ್ತು ತಿರುಗುಮುರುಗು ಮಾಡಿದ್ದಾರೆ. ಒಳಕೋಣೆಯಲ್ಲಿ ದುರುಗವ್ವನ ಕಿರಿಮಗಳು ಹುಲುಗಮ್ಮ ಹಸಿಬಾಣಂತಿ. ಮಗುವಿಗೆ ಇನ್ನೂ ತಿಂಗಳು ತುಂಬಿಲ್ಲ. ಗೋಡೆಗೆ ಹೊಡೆದ ಸೊಳ್ಳೆ ಮದ್ದಿನ ಕಸುವು ಮುಗಿಯುತ್ತ ಬರುವ ಕಾಲ ಇದು. ಅಲ್ಲಿ ಏನು ಸಿಗುತ್ತದೋ ಎಂಬ ಅಳುಕಿಗೇ ಅವರು ಆ ಕೋಣೆಯನ್ನು ಕೊನೆಗೆ ಉಳಿಸಿಕೊಂಡಿದ್ದಾರೆ.

ಗಂಗಾಂಬಿಕಾ ಕಂಪ್ಲಿಯ ಅಕ್ಕಿ ಗಿರಣಿಯ ಕೊಟ್ರಯ್ಯನವರ ಮಗಳು. ಕೀಟಗಳು ಹೊತ್ತು ತರುವ ಪರೋಪಜೀವಿಗಳ ಬಗ್ಗೆ ಓದಿ ಡಾಕ್ಟರೇಟ್ ಪಡೆದವರು. ಊರಿಗೆ ಡಾಕ್ಟರ್ ಎಂದಷ್ಟೇ ಸುದ್ದಿ ಮುಟ್ಟಿ, ಗಿರಣಿಯ ಹಮಾಲರು ಸೊಂಟನೋವು ತೋರಿಸಲು ಬಂದು ನಿರಾಸೆಯಿಂದ ವಾಪಸಾದರು. “ಎಲ್ಲಾರೂ ಸೊಳ್ಳಿ ಹೊಡೀತಾರ, ನಮ್ಮಾಕಿ ಸೊಳ್ಳಿ ಹಿಡಿಯೋದು ಕಲ್ತು ಬಂದಾಳ,” ಎಂದು ಕೊಟ್ರಯ್ಯನವರು ಈಗಲೂ ನೆಂಟರೆದುರು ನಗುತ್ತಾರೆ. ಆ ನಗುವಿನಲ್ಲಿ ಅರ್ಧ ಹೆಮ್ಮೆ, ಇನ್ನರ್ಧ ಏನೆಂದು ಅವರೂ ಹೇಳುವುದಿಲ್ಲ.

ಹೊಸಪೇಟೆಯಲ್ಲಿ ಟಯರ್ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗಳೇ ಅವರ ಪ್ರಯೋಗಾಲಯ. ಜೊತೆಗೆ ಕಾಳಪ್ಪ ಎಂಬ ಸಹಾಯಕ. ಜೀಪು ಓಡಿಸುವುದೂ ಕಾಳಪ್ಪನೇ, ಜೊತೆಗೂಡಿ ಸೊಳ್ಳೆ ಹಿಡಿಯುವುದೂ ಕಾಳಪ್ಪನೇ. ಒಂದು ದಿನ ಬುಕ್ಕಸಾಗರದ ಗದ್ದೆ ಬದಿಯ ಮನೆಗಳು, ಇನ್ನೊಂದು ದಿನ ಸಂಡೂರಿನ ಕೂಲಿಗಳ ತಗಡಿನ ಗುಡಿಸಲುಗಳು. ಹಂಪಿ ಬಜಾರಿನ ಕಲ್ಲುಮಂಟಪಗಳ ಮೂಲೆಯಲ್ಲಿ ಟಾರ್ಚು ಬಿಡುತ್ತಿದ್ದಾಗ, ನಿಧಿ ಅಗೆಯುವವರು ಬಂದಿದ್ದಾರೆಂದು ಯಾರೋ ಪೊಲೀಸರನ್ನು ಕರೆಸಿದ್ದೂ ಉಂಟು. ನಳಿಗೆಯಲ್ಲಿ ಸತ್ತ ಸೊಳ್ಳೆ ನೋಡಿ ಪೊಲೀಸರಿಗೇ ಬೇಜಾರಾಯಿತಂತೆ.

ಹತ್ತು ಗಂಟೆಯೊಳಗೆ ಹಿಡಿದದ್ದನ್ನೆಲ್ಲ ಸೂಕ್ಷ್ಮದರ್ಶಕದ ಕೆಳಗಿಟ್ಟು, ಸಣ್ಣ ಸೂಜಿಯಿಂದ ಒಂದೊಂದೇ ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಬಿಡಿಸಿ ನೋಡಬೇಕು. ಮಲೇರಿಯಾದ ಪರೋಪಜೀವಿ ಮನುಷ್ಯನ ಮೈಗೆ ಇಳಿಯಲು ಕಾದು ಕೂರುವುದು ಅಲ್ಲಿಯೇ. ನೂರಾರು ಸೊಳ್ಳೆಗಳಲ್ಲಿ ಒಂದರೊಳಗೆ ಕಂಡರೆ ಹೆಚ್ಚು. “ಗಣಿ ಹೊಂಡದಾಗ ಮಳಿನೀರು ನಿಲ್ತೈತಿ, ಸೊಳ್ಳಿ ಹುಟ್ತಾವ. ಕೂಲಿಗೆ ಬಂದೋರ ನೆತ್ತರದಾಗ ಜ್ವರ ಇರ್ತೈತಿ. ಪಾಪ, ಅವರದೇನು ತಪ್ಪು? ಎರಡೂ ಒಂದ ಜಾಗಾದಾಗ ಕೂಡಿದ್ವು, ಅಷ್ಟ,” ಎನ್ನುತ್ತಾರೆ ಗಂಗಾಂಬಿಕಾ.

ಕಳೆದ ಮಳೆಗಾಲದಲ್ಲಿ ಆ ಜ್ವರ ದುರುಗವ್ವನ ಮನೆ ಹೊಕ್ಕಿತು. ಹಿರಿಮಗಳು ಜಂಬಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಸುರಿ ಮಗಳು ಬರುತ್ತಾಳೆಂದರೆ ಮನೆಗೆ ಸುಣ್ಣ ಆಗಲೇಬೇಕು. ಕೆಂಪಡರಿದ ಗೋಡೆಯ ಮನೆಗೆ ಮಗಳನ್ನು ಕರೆತಂದರೆ ಬೀಗರೆದುರು ತಲೆ ಎತ್ತುವಂತಿಲ್ಲ. ಸೊಳ್ಳೆ ಮದ್ದಿನವರು ಬಂದು ಗೋಡೆಗಳಿಗೆ ಸಿಂಪಡಿಸಿ ಹೋದ ಮರುವಾರ ದುರುಗವ್ವ ತಾನೇ ಏಣಿ ಹತ್ತಿ ಒಳಕೋಣೆಗೆ ಎರಡೆರಡು ಸಲ ಸುಣ್ಣ ಬಳಿದಳು. ಕೋಣೆ ಹಾಲಿನಂತಾಯಿತು. ಜಂಬಕ್ಕನಿಗೆ ಅಲ್ಲಿಯೇ ಚಳಿಜ್ವರ ಹಿಡಿಯಿತು. ದಿನ ತುಂಬದೆ ಹುಟ್ಟಿದ ಗಂಡುಮಗು ಉಳಿಯಲಿಲ್ಲ. ಆಮೇಲೆ ಗಂಡನ ಮನೆಗೆ ಹೋದ ಜಂಬಕ್ಕ ತವರಿಗೆ ಬಂದರೂ ಪಡಸಾಲೆಯಲ್ಲೇ ಕೂತು ಹೋಗುತ್ತಿದ್ದಳು. ಆ ಕೋಣೆಯ ಹೊಸ್ತಿಲು ದಾಟಲಿಲ್ಲ.

ಅವಳ ನೆತ್ತರು ಸವರಿದ ಗಾಜನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮಲೇರಿಯಾ ಎಂದು ಹೇಳಿದವರು ಗಂಗಾಂಬಿಕಾ. ಮದ್ದು ಹೊಡೆದ ಮನೆಯಲ್ಲೇ ಹೀಗಾಯಿತೆಂದರೆ ಸೊಳ್ಳೆಗಳಿಗೆ ಮದ್ದು ಒಗ್ಗಿಹೋಗಿದೆ ಎಂದು ಅವರು ಲೆಕ್ಕ ಹಾಕಿದರು. ಮೇಲಿನವರಿಗೂ ಹಾಗೆಯೇ ಹೇಳಿದರು. ಆದರೆ ಅದೇ ಮನೆಯ ಸೊಳ್ಳೆಗಳನ್ನು ತಂದು ಮದ್ದು ಸವರಿದ ಕಾಗದದ ಮೇಲೆ ಬಿಟ್ಟಾಗ ಅವು ಪಟಪಟನೆ ಸತ್ತವು. ದುರುಗವ್ವನ ಗೋಡೆಗೆ ಬಟ್ಟಲು ಕವುಚಿ ಅದರೊಳಗೆ ಬಿಟ್ಟರೆ ಆರಾಮಾಗಿ ಬದುಕಿದವು. ತಲೆ ಕೆಟ್ಟುಹೋಯಿತು ಎಂದು ಈಗ ನಗುತ್ತಾರೆ. ಬಟ್ಟಲು ತೆಗೆದ ಕೈಗೆ ಬಿಳಿ ಮೆತ್ತಿತ್ತು. ಉಗುರಿನಿಂದ ಗೋಡೆ ಕೆರೆದರು: ಮೇಲೆ ಸುಣ್ಣ, ಅದರಡಿ ಅದಿರಿನ ದೂಳು, ಅದರಡಿ ಮತ್ತೆ ಹಳೆಯ ಸುಣ್ಣ. ಮದ್ದು ಹೊಸ ಸುಣ್ಣದಡಿ ಹೂತು ಹೋಗಿತ್ತು.

ಗೊತ್ತಾದ ಮೇಲೆ ಅದನ್ನು ದುರುಗವ್ವನಿಗೆ ಹೇಳುವುದೇ ಕಷ್ಟವಾಯಿತು. ಹೇಳಿದರೆ ಮೊಮ್ಮಗನನ್ನು ಕಳೆದುಕೊಂಡವಳ ಎದೆಯ ಮೇಲೆ ಇನ್ನೊಂದು ಕಲ್ಲು ಹೇರಿದಂತೆ. ಹೇಗೋ ದಿನ ದೂಡಿದರು. ಈ ವರ್ಷ ಮದ್ದಿನವರು ಬಂದು ಹೋದ ಕೆಲವೇ ದಿನಕ್ಕೆ ಅಂಗಳದಲ್ಲಿ ಸುಣ್ಣ ನೆನೆಹಾಕಿದ ಗಡಿಗೆ ಕಾಣಿಸಿತು. ಹುಲುಗಮ್ಮ ಹೆರಿಗೆಗೆ ಬರುವವಳಿದ್ದಳು. ಗಂಗಾಂಬಿಕಾ ಗಡಿಗೆಯ ಪಕ್ಕದಲ್ಲೇ ಕುಕ್ಕರಿಸಿ ಕೂತರು.

“ಯವ್ವ, ಒಳಗಿನ ಕೋಣಿಗೆ ಈ ಸಲ ಸುಣ್ಣ ಬ್ಯಾಡ. ಮದ್ದು ಮುಚ್ಚಿಹೋಗ್ತೈತಿ.”

ದುರುಗವ್ವ ಸುಣ್ಣ ಕಲಕುತ್ತಿದ್ದ ಕೋಲನ್ನು ನಿಲ್ಲಿಸಿದಳು. “ಹೋದ ವರ್ಷ?”

“ಹೋದ ವರ್ಷನೂ ಹಂಗ ಆತು.”

“ಅಂದ್ರ ನಾನ ಮುಚ್ಚಿದ್ನೇನ್ರಿ?”

“ನೀನು ಮಗಳಿಗೆ ಅಂತ ಹಚ್ಚಿದಿ. ಹಚ್ಚಬ್ಯಾಡ ಅಂತ ಯಾರೂ ನಿನಗ ಹೇಳಿರಲಿಲ್ಲ. ಮದ್ದು ಹೊಡೆದೋರು ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾ ಎಲ್ಲಾ ಸೊಳ್ಳಿ ಮ್ಯಾಲ ಹಾಕಿದ್ದೆ.”

ದುರುಗವ್ವ ಕೋಲನ್ನು ಗಡಿಗೆಯ ಅಂಚಿಗೆ ಒರಗಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎದ್ದು ಗಡಿಗೆಯನ್ನು ಎತ್ತಿಕೊಂಡು ಹೋಗಿ ಹೊರಗೋಡೆಗೆ ಸುಣ್ಣ ಬಳಿಯತೊಡಗಿದಳು. ಗಂಗಾಂಬಿಕಾ ಅಲ್ಲಿಯೇ ಕೂತಿದ್ದರು. ಅಂದು ಸಿಕ್ಕಿದ ಸೊಳ್ಳೆಗಳನ್ನು ನೋಡಲು ಮನಸ್ಸಾಗಲಿಲ್ಲ ಎನ್ನುತ್ತಾರೆ.

ಒಳಕೋಣೆಯ ಗೋಡೆ ಹಾಗೆಯೇ ಉಳಿಯಿತು, ಮದ್ದು ಸೋರಿದ ಕಲೆಗಳ ಸಮೇತ. ಹುಲುಗಮ್ಮನನ್ನು ಬಿಡಲು ಬಂದ ಬೀಗಿತ್ತಿ ಒಳಗೆ ಕಣ್ಣಾಡಿಸಿ, “ಮಗಳು ಬರ್ತಾಳಂತ ಒಂದೀಟು ಸುಣ್ಣನೂ ಹಚ್ಚಿಲ್ಲಲ್ಲ,” ಎಂದಳು. ದುರುಗವ್ವ ಮಾತಿಗೆ ಮಾತು ಬೆಳೆಸಲಿಲ್ಲ. “ಹೊರಗ ಹಚ್ಚೇನಿ ನೋಡ್ರಿ. ಒಳಗ ನಮ್ಮ ಡಾಕ್ಟ್ರಮ್ಮ ಬ್ಯಾಡ ಅಂದಾರ,” ಎಂದಷ್ಟೇ ಹೇಳಿ ಚಹಾ ಕೊಟ್ಟಳು. ಇತ್ತ ಗಂಗಾಂಬಿಕಾ ಮದ್ದಿನವರ ಬೆನ್ನು ಬಿದ್ದಿದ್ದಾರೆ. ಊರಿಗೆ ಬರುವ ಮುನ್ನ ಡಂಗುರ ಸಾರಿಸಿ, ಸುಣ್ಣ ಬಳಿಯುವವರು ಮೊದಲೇ ಬಳಿದುಕೊಳ್ಳಲಿ, ಮದ್ದು ಆಮೇಲೆ ಬೀಳಲಿ ಎಂಬುದು ಅವರ ಒಂದೇ ಹಟ. ಈ ಊರಿನ ಮಟ್ಟಿಗೆ ಮದ್ದಿನವರು ಒಪ್ಪಿದ್ದಾರೆ.

ಈಗ ಕೊಟ್ಟಿಗೆಯ ಕೆಲಸ ಮುಗಿದಿದೆ. ಗಂಗಾಂಬಿಕಾ ಕಾಳಪ್ಪನ ಕೈಯಿಂದ ಹೊಸ ನಳಿಗೆ ತೆಗೆದುಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಏನು ಬಯಸುತ್ತೀರಿ ಎಂದು ಕೇಳಿದರೆ ಅವರ ಉತ್ತರ ಚಿಕ್ಕದು: “ಈ ಕೋಣ್ಯಾಗ ನನಗ ಕೆಲಸ ಇರಬಾರದು.”

ಒಳಗೆ ಸೊಳ್ಳೆ ಪರದೆಯಡಿ ಹುಲುಗಮ್ಮ ಗೋಡೆಯತ್ತ ಹೊರಳಿ ಮಲಗಿದ್ದಾಳೆ. ಪಕ್ಕದಲ್ಲಿ ಇನ್ನೊಬ್ಬಳು, ಎದೆಯ ಮೇಲೆ ಕೂಸನ್ನು ಕವುಚಿಕೊಂಡು ನಿದ್ದೆ ಹೋಗಿದ್ದಾಳೆ. ಜಂಬಕ್ಕ. ತೊಟ್ಟಿಲಿಗೆ ಹಾಕುವ ದಿನ ಬಂದವಳು ತಂಗಿಯ ಕೂಸು ಅತ್ತಿತೆಂದು ಎದ್ದು ಈ ಕೋಣೆಗೆ ಬಂದಳಂತೆ, ಆಮೇಲೆ ಇಲ್ಲಿಯೇ ಉಳಿದಳಂತೆ. ಗಂಗಾಂಬಿಕಾ ಮುಖಗಳ ಮೇಲೆ ಬೆಳಕು ಬೀಳದಂತೆ ಟಾರ್ಚಿಗೆ ಅಂಗೈ ಅಡ್ಡ ಹಿಡಿದು ಕಲೆಗಟ್ಟಿದ ಗೋಡೆ ನೋಡುತ್ತಾರೆ. ಬಾಗಿಲ ಹಿಂದೆ, ಮಂಚದಡಿ, ನೇತುಹಾಕಿದ ಸೀರೆಗಳ ಮಡಿಕೆಯಲ್ಲಿ ನೋಡುತ್ತಾರೆ. ಸಮಾಧಾನವಾಗದೆ ಮತ್ತೊಮ್ಮೆ ಮೊದಲಿಂದ ನೋಡುತ್ತಾರೆ.

ಹೊರಗೆ ದುರುಗವ್ವ ಸಗಣಿ ಕೈಯಲ್ಲೇ ಕಾಯುತ್ತಿದ್ದಾಳೆ. “ಎಷ್ಟ್ ಸಿಕ್ಕುವ್ರಿ?”

ಗಂಗಾಂಬಿಕಾ ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. ದುರುಗವ್ವ ಹತ್ತಿರ ಬಂದು ಖಾಲಿ ಗಾಜನ್ನು ಈ ಕಡೆಯಿಂದ, ಆ ಕಡೆಯಿಂದ ನೋಡುತ್ತಾಳೆ. ಆಮೇಲೆ ಕೊಟ್ಟಿಗೆಯತ್ತ ಹೊರಳುತ್ತಾ, ಕೋಣೆಯಲ್ಲಿ ಮಲಗಿದವರಿಗೆ ಕೇಳದಷ್ಟು ಮೆಲ್ಲಗೆ ಹೇಳುತ್ತಾಳೆ:

“ಜಂಬಕ್ಕಗ ಮತ್ತ ಮೂರು ತಿಂಗಳಾತ್ರಿ. ಹೆರಿಗೆಗೆ ಇಲ್ಲಿಗೇ ಬರ್ತೀನಿ ಅಂದಾಳ.”